ಪೆಲ್ಲಮ್ಮನ ಹೊಲದಲ್ಲಿ ನಿಂತ ಪೊಲೀಸ

ಗೊರೂರಿನಿಂದ ಅರಕಲಗೂಡಿನ ಕಡೆ ಹೋಗುವಾಗ, ಡ್ರೈವರ್ ಮನಸ್ಸು ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಒಂದು ಹಳ್ಳಿ ಇದೆ. ಅಲ್ಲಿನ ಪಂಚಾಯಿತಿ ಲೈಬ್ರರಿಯ ಬೀಗದ ಕೈ ಇಪ್ಪತ್ತಾರು ವರ್ಷಗಳಿಂದ ಪುಷ್ಪಾವತಿಯ ಸೆರಗಿನ ತುದಿಯಲ್ಲಿದೆ. ಊರಿನವರಿಗೆ ಅವಳು ಲೈಬ್ರರಿ ಪುಷ್ಪಕ್ಕ. ಇದು ಎದುರಿಗೆ ಕರೆಯುವ ಹೆಸರು. ಬೆನ್ನ ಹಿಂದೆ ಇನ್ನೊಂದಿತ್ತು: ಇಂಗ್ಲಿಷ್ ಫೇಲು. ಪಿಯುಸಿಯಲ್ಲಿ ಮಿಕ್ಕ ವಿಷಯವೆಲ್ಲ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದಿದ್ದಳು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಮೊದಲ ಸಲ ಮೂವತ್ತೊಂದು, ಎರಡನೇ ಸಲ ಮೂವತ್ಮೂರು. ತನ್ನ ಹೊಲದ ಗಡಿ ಎಲ್ಲಿ ಎಂಬುದನ್ನು ಬೇಕೆಂದೇ ಮರೆಯುವ ಊರು ಇಂಥ ಅಂಕಗಳನ್ನು ಮಾತ್ರ ಮೂವತ್ತು ವರ್ಷ ನೆನಪಿಟ್ಟುಕೊಳ್ಳುತ್ತದೆ.

ಅಂಥವಳು ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತಂದಳು ಎಂದರೆ ಯಾರು ನಂಬುತ್ತಾರೆ? ತಂದಳು. ಆದರೆ ಅದು ಅಚ್ಚಾಗುವ ಹತ್ತು ದಿನ ಮೊದಲು ಆದ ಫಜೀತಿ ಇದೆಯಲ್ಲ, ಅದನ್ನು ಹೇಳದೆ ಪುಷ್ಪಾವತಿಯ ಕಥೆ ಹೇಳಿದಂತಾಗುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಗೊರೂರು ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಎಂಜಿನಿಯರೊಬ್ಬರಿಗೆ ವರ್ಗವಾಯಿತು. ಸಾಮಾನು ತುಂಬಿದ ಲಾರಿಯಲ್ಲಿ ಜಾಗ ಸಾಲದೆ, ಅವರು ಒಂದು ಗೋಣಿಚೀಲವನ್ನು ಜೀಪಿನಲ್ಲಿ ತಂದು ಲೈಬ್ರರಿಯ ಬಾಗಿಲಲ್ಲಿ ಇಳಿಸಿ, 'ಮಕ್ಕಳು ಓದ್ಲಿ' ಎಂದು ಹೇಳಿ ಹೋದರು. ಒಳಗಿದ್ದದ್ದು ಹದಿನೇಳು ಇಂಗ್ಲಿಷ್ ಪುಸ್ತಕ. ಎಲ್ಲವೂ ಲಂಡನ್ನಿನಲ್ಲಿ ಅಚ್ಚಾದವು. ಅತಿ ಹಳೆಯದು 1903ರದು, ಅತಿ ಹೊಸದು 1913ರದು. ಬಟ್ಟೆ ಹೊದಿಸಿದ ಗಟ್ಟಿ ರಟ್ಟು, ಬೆನ್ನ ಮೇಲೆ ಮಾಸಿದ ಚಿನ್ನದ ಅಕ್ಷರ. ಆ ಊರಿನ ಯಾವ ಮಗು ಅವನ್ನು ಓದುತ್ತದೆ ಎಂದು ಎಂಜಿನಿಯರು ಅಂದುಕೊಂಡಿದ್ದರೋ ದೇವರೇ ಬಲ್ಲ.

ಪುಷ್ಪಾವತಿ ಒಂದೊಂದನ್ನೇ ಒರೆಸಿ, ನಂಬರು ಹಾಕಿ, ಕೊನೇ ಬೀರುವಿನಲ್ಲಿ ಜೋಡಿಸುತ್ತಿದ್ದಳು. ನೀಲಿ ರಟ್ಟಿನ ಒಂದು ಪುಸ್ತಕದ ಕೊನೆಯಲ್ಲಿ ಪ್ರಕಾಶಕರ ಪಟ್ಟಿ ಕಂಡಿತು. ಅದರ ತಲೆಬರಹದಲ್ಲಿದ್ದ 'ನೋಟಬಲ್' ಎಂಬ ಪದಕ್ಕೆ ನಿಘಂಟು ತೆಗೆದಳು. ಗಮನಾರ್ಹ. ಈ ವರ್ಷದ ಗಮನಾರ್ಹ ಪುಸ್ತಕಗಳು. ಪಟ್ಟಿಯಲ್ಲಿ ನಲವತ್ತು ಹೆಸರುಗಳಿದ್ದವು, ಮೂರನೆಯದು ಅವಳ ಕೈಯಲ್ಲಿದ್ದ ಪುಸ್ತಕದ್ದೇ: 'ಮಿಸೆಸ್ ಪೆಲ್ಲೋಸ್ ಫೀಲ್ಡ್', ಬರೆದವಳು ಯಾರೋ ಮಿಸ್ ಹಾರ್ಕಟ್. ಕೆಳಗೆ ಮೂರು ಪತ್ರಿಕೆಗಳ ಹೊಗಳಿಕೆ. ನೂರು ವರ್ಷದ ಹಿಂದೆ ಆ ದೇಶದ ಜನ ಎದ್ದು ನೋಡಿದ ಪುಸ್ತಕವನ್ನು ಇಲ್ಲಿ ಗಮನಿಸುತ್ತಿರುವುದು ಗೆದ್ದಲು ಮಾತ್ರ ಅನ್ನಿಸಿ ಅವಳಿಗೆ ಯಾಕೋ ತುಂಬ ಬೇಜಾರಾಯಿತು. ಅವತ್ತು ಸಂಜೆ ಬೀಗ ಹಾಕುವಾಗ ಆ ಪುಸ್ತಕವನ್ನು ಮನೆಗೆ ತಂದಳು.

ಮೊದಲ ಪುಟಕ್ಕೆ ಒಂದು ತಿಂಗಳು ಹಿಡಿಯಿತು. ಎರಡನೆಯದಕ್ಕೆ ಹದಿನೈದು ದಿನ. ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಮಿಸೆಸ್ ಪೆಲ್ಲೋ ಮನೆಯವರೆಲ್ಲರ ಬಾಯಲ್ಲಿ ಪೆಲ್ಲಮ್ಮ ಆಗಿದ್ದಳು. ಗಂಡ ತೀರಿಕೊಂಡು ಹೊಲ ಕೈಬಿಟ್ಟು ಹೋದ ಮೇಲೆ, ಒಂದು ಕಾಲಕ್ಕೆ ತನ್ನದೇ ಆಗಿದ್ದ ಆ ಹೊಲದಲ್ಲಿ ಕೊಯ್ಲಿನ ನಂತರ ಉದುರಿದ ತೆನೆ ಆಯ್ದು ಬದುಕಿ, ಕೊನೆಗೆ ಎರಡು ಎಕರೆ ಗುತ್ತಿಗೆ ಹಿಡಿದು ಮತ್ತೆ ಬೇಸಾಯಕ್ಕಿಳಿಯುವ ಹೆಂಗಸು ಅವಳು. ಪುಷ್ಪಾವತಿಗೆ ಅವಳ ಮೇಲೆ ಒಡಹುಟ್ಟಿದವಳ ಮೇಲಿರುವಂಥ ಪ್ರೀತಿ ಹುಟ್ಟಿಬಿಟ್ಟಿತು. ಒಂಬತ್ತು ವರ್ಷ ಬರೆದಳು. ಇನ್ನೂರು ಪುಟದ ನೋಟುಪುಸ್ತಕ ಏಳು ತುಂಬಿದವು.

ಗಂಡ ಮೋಹನ್‌ಕುಮಾರ್ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹೆಂಡತಿ ಬರೆಯಲು ಕೂತರೆ ಕಾಫಿ ತಾನೇ ಕಾಸಿಕೊಳ್ಳುವಷ್ಟು ಒಳ್ಳೆಯವನು, ಕಾಸಿಕೊಂಡದ್ದನ್ನು ಹೇಳಿಕೊಳ್ಳದೆ ಇರುವಷ್ಟು ಒಳ್ಳೆಯವನಲ್ಲ.

'ಬರಿ ಬರಿ,' ಎನ್ನುತ್ತಿದ್ದ. 'ಬೂವನಹಳ್ಳಿಗೆ ಇಮಾನ ಇಳೀತಿದ್ದಂಗೇ ನಿನ್ ಬುಕ್ಕೂ ಬತ್ತದೆ.' ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂದು ಜಿಲ್ಲೆಯವರು ಕೇಳುತ್ತ ಬಂದು ಎಷ್ಟೋ ವರ್ಷವಾಗಿತ್ತು.

ಆದರೆ ಪುಸ್ತಕಕ್ಕೆ ದಾರಿ ತೆರೆಯಿತು. ಆ ಊರಿನ ಹಿಂದಿನ ಪಟೇಲರ ಮಗ ರಾಮಣ್ಣ ಮೇಷ್ಟ್ರು ಹಾಸನದ ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ತೋಟ ನೋಡಲು ಬಂದಾಗ ಲೈಬ್ರರಿಗೂ ಒಂದು ಸುತ್ತು ಬರುತ್ತಿದ್ದರು. ಒಂದು ದಿನ ಪುಷ್ಪಾವತಿ ಧೈರ್ಯ ಮಾಡಿ ಏಳೂ ನೋಟುಪುಸ್ತಕಗಳನ್ನು ಚೀಲಕ್ಕೆ ಹಾಕಿ ಅವರ ಕೈಗಿಟ್ಟಳು. ನಾಲ್ಕು ತಿಂಗಳಾದ ಮೇಲೆ ಫೋನು ಬಂತು. 'ಇದನ್ನ ಪ್ರಿಂಟ್ ಮಾಡ್ಸೋಣ ಕಣಮ್ಮ,' ಎಂದರು ಮೇಷ್ಟ್ರು. ಹಾಸನದ ಅವರ ಗೆಳೆಯರ ಸಾಹಿತ್ಯ ಬಳಗ ಪ್ರಕಟಿಸುತ್ತದೆ, ಮುನ್ನುಡಿ ತಾವೇ ಬರೆಯುವುದಾಗಿ ಹೇಳಿದರು. ಆ ಬಳಗದಲ್ಲಿ ಮೇಷ್ಟ್ರ ಮಾತೇ ಮಾತು. ಅವರು ಹೂಂ ಅಂದರೆ ಪುಸ್ತಕ, ಊಹೂಂ ಅಂದರೆ ಇಲ್ಲ. ಪುಷ್ಪಾವತಿ ಫೋನು ಕೆಳಗಿಟ್ಟು ಲೈಬ್ರರಿಯ ಬಾಗಿಲು ಹಾಕಿಕೊಂಡು ಅತ್ತಳು.

ಡಿಸೆಂಬರಿನಲ್ಲಿ ಹೊಳೆನರಸೀಪುರದ ಶಿವಯ್ಯನವರ ಪ್ರೆಸ್ಸಿನಿಂದ ಪ್ರೂಫು ಬಂತು, ಮುನ್ನುಡಿ ಸಮೇತ. ಹತ್ತು ದಿನದಲ್ಲಿ ತಿದ್ದಿ ಕೊಡಬೇಕು. ಮುನ್ನುಡಿಯನ್ನು ಅವಳು ನಾಲ್ಕು ಸಲ ಓದಿದಳು. 'ಶ್ರೀಮತಿ ಪುಷ್ಪಾವತಿಯವರ ಇಂಗ್ಲಿಷ್ ಜ್ಞಾನ ಬೆರಗು ಹುಟ್ಟಿಸುತ್ತದೆ' ಎಂಬ ಸಾಲನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಒಂಬತ್ತನೇ ಅಧ್ಯಾಯದ ಬಗ್ಗೆಯೇ ಮೇಷ್ಟ್ರು ಒಂದೂವರೆ ಪುಟ ಬರೆದಿದ್ದರು: 'ಹೊಲದ ನಡುವೆ ಪೊಲೀಸನನ್ನು ನಿಲ್ಲಿಸಿ ಹಸಿದ ಹೆಂಗಸರನ್ನು ತಡೆಯುವ ದೃಶ್ಯ ಆ ಕಾಲದ ಪ್ರಭುತ್ವದ ಕ್ರೌರ್ಯಕ್ಕೆ ಹಿಡಿದ ಕನ್ನಡಿ. ಕೊನೆಗೆ ಅವನು ಬಿಸಿಲಿಗೆ ತಲೆಸುತ್ತಿ ಬೀಳುತ್ತಾನೆ. ಸಾಮ್ರಾಜ್ಯವೊಂದರ ಪತನವನ್ನು ಲೇಖಕಿ ಮೊದಲೇ ಕಂಡಿದ್ದಾಳೆ.' ಓದಿ ಪುಷ್ಪಾವತಿಗೆ ಹೆಮ್ಮೆಯ ಜೊತೆಗೆ ಒಳಗೆಲ್ಲೋ ಸಣ್ಣಗೆ ಕಸಿವಿಸಿಯೂ ಆಯಿತು. ಯಾಕೆಂದರೆ ಆ 'ಬಿಸಿಲಿಗೆ ತಲೆಸುತ್ತಿ ಬಿದ್ದ' ಎಂಬುದು ಮಿಸ್ ಹಾರ್ಕಟ್ ಬರೆದದ್ದಲ್ಲ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಸಂಜೆ ಇಬ್ಬರು ಆಳುಗಳು ಬಂದು ಪೊಲೀಸನನ್ನು ಎತ್ತಿ ಗಾಡಿಗೆ ಹಾಕಿದರು. ಆರೋಗ್ಯವಾಗಿರುವ ಪೊಲೀಸನನ್ನು ಯಾರಾದರೂ ಯಾಕೆ ಗಾಡಿಗೆ ಎತ್ತಿಹಾಕುತ್ತಾರೆ? ತುಂಬ ಯೋಚಿಸಿ ಅವಳೇ ಅವನಿಗೆ ತಲೆಸುತ್ತು ಬರಿಸಿದ್ದಳು.

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಎಳೆಬಿಸಿಲಿನಲ್ಲಿ ಪ್ರೂಫ್ ಓದಲು ಕೂತರು. ಮೋಹನ್‌ಕುಮಾರ್ ರೇಡಿಯೋದವರ ದನಿಯಲ್ಲಿ ಕನ್ನಡ ಓದುವುದು, ಪುಷ್ಪಾವತಿ ಇಂಗ್ಲಿಷಿನೊಂದಿಗೆ ತಾಳೆ ನೋಡುವುದು. ಪಕ್ಕದಲ್ಲಿ ಅವಳ ಅತ್ತೆ ಲಕ್ಕಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಎಪ್ಪತ್ತೆಂಟು ವರ್ಷದ ಜೀವ. ಹುಟ್ಟಿದ್ದೂ ಸೇರಿದ್ದೂ ಇದೇ ಊರು, ಶಾಲೆಯ ಹೊಸ್ತಿಲು ಹತ್ತಿದವಳಲ್ಲ. ಒಂಬತ್ತು ವರ್ಷದಲ್ಲಿ ಪೆಲ್ಲಮ್ಮನ ಹೆಸರನ್ನು ಅವಳೂ ಬೇಕಾದಷ್ಟು ಸಲ ಕೇಳಿದ್ದಳು. ಆದರೆ ಕೂರಿಸಿಕೊಂಡು ಕಥೆಯನ್ನು ಓದಿ ಹೇಳಿದವರು ಯಾರೂ ಇರಲಿಲ್ಲ. ಲಂಡನ್ನಿನ ಕಾದಂಬರಿ ಅತ್ತೆಗೆ ಯಾಕೆ ಎಂದು ಪುಷ್ಪಾವತಿ ಅಂದುಕೊಂಡಿದ್ದಳು. ಓದಿದವರು ಹೀಗೆ ಅಂದುಕೊಳ್ಳುವುದು ಹೊಸದೇನಲ್ಲ.

'ಮುಸುಕಿನ ಜೋಳ ಅವಳ ಮೊಣಕಾಲಿಗೆ ತಾಗುತ್ತಿತ್ತು,' ಎಂದು ಮೋಹನ್‌ಕುಮಾರ್ ಓದಿದ. 'ಅದರ ಮೇಲಿನಿಂದ ದೂರದ ದಿಣ್ಣೆಯ ಚರ್ಚು ಕಾಣುತ್ತಿತ್ತು. ಆಳುಗಳು ಕುಡುಗೋಲು ಹಿಡಿದು...'

'ಲೇ ಮೋಹ್ನ, ತಡಿಯಲಾ,' ಎಂದಳು ಲಕ್ಕಮ್ಮ. 'ಏನ್ ಕುಯ್ದ್ರು ಅಂದೆ?'

'ಮುಸುಕಿನ್ ಜ್ವಾಳ ಕಣವ್ವ.'

'ಮೊಣಕಾಲುದ್ದದ ಜ್ವಾಳವ ಯಾವ ತಲೆಕೆಟ್ಟೋನು ಕುಯ್ದಾನು? ಬಲಿತ್ ಮ್ಯಾಲೆ ಆಳೆತ್ರ ಇರ್ತದೆ. ಚರ್ಚಿರ್ಲಿ, ಪಕ್ಕದಲ್ ನಿಂತೋಳ್ ಮೊಕಾನೇ ಕಾಣಾಕಿಲ್ಲ. ಅದು ಜ್ವಾಳ ಅಲ್ಲ ಕಣ್ಲಾ. ನಮ್ ರಾಗಿ ತರ ಇನ್ನೇನೋ ಇರ್ಬೇಕು.'

ಪುಷ್ಪಾವತಿ ನಿಘಂಟು ತೆರೆದಳು. ಕಾರ್ನ್: ಮುಸುಕಿನ ಜೋಳ. ನೋಡಿ, ಸರಿಯಾಗಿಯೇ ಇದೆ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು: ಇಂಗ್ಲೆಂಡಿನಲ್ಲಿ, ಗೋಧಿ ಮುಂತಾದ ಯಾವುದೇ ಧಾನ್ಯದ ಪೈರು. ಒಂಬತ್ತು ವರ್ಷದಲ್ಲಿ ಆ ಎರಡನೇ ಸಾಲಿಗೆ ಅವಳ ಕಣ್ಣು ಇಳಿದಿರಲಿಲ್ಲ. ಕಿವಿ ಬಿಸಿಯಾಯಿತು. ಆದರೂ ಇದು ತಿದ್ದಬಹುದಾದ ತಪ್ಪು, ಜೋಳ ಇದ್ದ ಕಡೆಯೆಲ್ಲ ಪೈರು ಅಂದರಾಯಿತು ಎಂದು ಸಮಾಧಾನ ತಂದುಕೊಂಡು, 'ಮುಂದಕ್ಕೋದ್ರಿ' ಎಂದಳು.

ಮೋಹನ್‌ಕುಮಾರ್ ಮುಂದೆ ಓದಿದ. ಕಂತೆಗಳನ್ನೆಲ್ಲ ಗಾಡಿಗೆ ಹೇರಿಯಾಯಿತು. ಹೊಲದ ನಡುವೆ ಪೊಲೀಸನೊಬ್ಬ ಒಂಟಿಯಾಗಿ ನಿಂತಿದ್ದ. ಉಳಿಕೆ ಧಾನ್ಯ ಸಂಗ್ರಹಣೆಗೆ ಬಂದ ಹೆಂಗಸರು ಅವನನ್ನೇ ನೋಡುತ್ತ ಬೇಲಿಯ ಆಚೆ ಕಾದು ಕೂತರು. ಸಂಜೆ ಅವನು ಬಿಸಿಲಿಗೆ ತಲೆಸುತ್ತಿ ಬಿದ್ದ. ಇಬ್ಬರು ಆಳುಗಳು ಅವನನ್ನು ಎತ್ತಿ ಗಾಡಿಗೆ ಹಾಕಿದರು. ಹೆಂಗಸರು ಕೂಗುತ್ತ ಹೊಲಕ್ಕೆ ನುಗ್ಗಿದರು.

ಲಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. 'ಪೋಲೀಸಪ್ಪನ್ನ ಗಾಡಿಗೆ ಎತ್ತಾಕುದ್ರಾ! ಸಿವುಡು ಎತ್ತಾಕ್ದಂಗೆ?' ಎಂದು ನಕ್ಕಳು. ಕೊಯ್ದು ಕಟ್ಟಿದ ಪೈರಿನ ಕಂತೆಗೆ ಆ ಊರಿನ ಮಾತು ಸಿವುಡು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಕೈಯಲ್ಲಿದ್ದ ಕಾಯಿ ಅರ್ಧ ಸುಲಿದು ಹಾಗೇ ಉಳಿಯಿತು. 'ಪುಸ್ಪಾ,' ಎಂದಳು. 'ಅದು ಪೋಲೀಸಲ್ಲ ಕಣವ್ವ. ಅದು ಪಟೇಲ.'

'ಯಾವ್ ಪಟೇಲತ್ತೆ?'

'ನಾವ್ ಸಣ್ಣೋರಿದ್ದಾಗ ದೊಡ್ಡೊಲದಲ್ಲಿ ರಾಗಿ ಕುಯ್ದ್ ಮ್ಯಾಲೆ ಅಕ್ಕಲು ಆಯಕ್ಕೋಗ್ತಿದ್ವಿ. ಉದುರಿದ್ ತೆನೆ ಆಯ್ಕಳದು. ಉಳಿಕೆ ಗಿಳಿಕೆ ಅಂತ ಅದೇನೋ ಬರ್ದಿದ್ದೀಯಲ್ಲ, ಅದೇಯ. ಸಿವುಡೆಲ್ಲ ಗಾಡಿಗಾಕಿ ಒಂದ್ ಸಿವುಡ ಮಾತ್ರ ನಡು ಒಲದಲ್ಲಿ ನಿಲ್ಲಿಸ್ಬುಡೋರು. ಅದು ನಿಂತಿರೋಗಂಟ ಒಬ್ಳೂ ಬದ ಇಳಿಯಂಗಿಲ್ಲ. ಒಟ್ಟೆ ಅಸ್ಕೊಂಡು ಅದ್ನೇ ನೋಡ್ತಾ ಕೂತಿರೋವು. ಅದಕ್ಕೆ ನಾವ್ ಪಟೇಲ ಅಂತಿದ್ವಿ. ನಿಜವಾದ್ ಪಟೇಲ್ರು ಬದದ್ ಮ್ಯಾಲೆ ಕುರ್ಚಿ ಆಕ್ಕೊಂಡ್ ಕೂತಿರೋರು, ಈ ಪಟೇಲ ಒಲದಲ್ಲಿ ನಿಂತಿರೋನು. ಅದ್ನ ಎತ್ತಿದ್ರೋ ಇಲ್ವೋ, ಪಟೇಲ ಎದ್ದ, ನುಗ್ರವ್ವೋ ಅಂತ ಕೂಗ್ಕೊಂಡ್ ಓಡ್ತಿದ್ವಿ. ಆ ಊರಲ್ಲಿ ಪೋಲೀಸ ಅಂತಿದ್ರೇನೋ, ಅಷ್ಟೇಯ.'

ಪುಷ್ಪಾವತಿ ನೀಲಿ ಪುಸ್ತಕವನ್ನು ಮಂಡಿಯ ಮೇಲೆ ತೆರೆದಳು. ಪೊಲೀಸ ಗಾಳಿಗೆ ಸ್ವಲ್ಪ ವಾಲಿದ ಎಂಬ ವಾಕ್ಯದಲ್ಲಿ 'ಹಿ' ಇರಬೇಕಾದ ಕಡೆ 'ಇಟ್' ಎಂದಿತ್ತು. ಅವನು ಅಲ್ಲ, ಅದು. ಐದು ವರ್ಷದ ಹಿಂದೆ ಅವಳೇ ಪಕ್ಕದಲ್ಲಿ ಪೆನ್ಸಿಲಿನಿಂದ 'ಅಚ್ಚಿನ ತಪ್ಪು' ಎಂದು ಬರೆದಿದ್ದಳು. ಮುಂದಿನ ಪುಟದಲ್ಲೂ 'ಇಟ್'. ಅಲ್ಲೂ 'ಅಚ್ಚಿನ ತಪ್ಪು'. ಲಂಡನ್ನಿನ ಪ್ರೆಸ್ಸಿನವರು ಪಾಪ, ಅವಳ ದೃಷ್ಟಿಯಲ್ಲಿ ಇಷ್ಟು ವರ್ಷ ತಪ್ಪು ಮಾಡಿಕೊಂಡೇ ಇದ್ದರು.

ಈಗ ಅವಳಿಗೆ ನಿಜವಾಗಿ ಭಯವಾಯಿತು. ಜೋಳವನ್ನು ತಿದ್ದಿದರೆ ಯಾರಿಗೂ ತಿಳಿಯುವುದಿಲ್ಲ. ಪೊಲೀಸನನ್ನು ತಿದ್ದಿದರೆ ಮೇಷ್ಟ್ರ ಒಂದೂವರೆ ಪುಟ ಹಾರಿಹೋಗುತ್ತದೆ. ನಿಮ್ಮ ಮುನ್ನುಡಿ ತಪ್ಪು ಎಂದು ಅವರಿಗೆ ಹೇಳುವವರು ಯಾರು? ಪಿಯುಸಿಯಲ್ಲಿ ಎರಡು ಸಲ ಫೇಲಾದವಳು? ಮೇಷ್ಟ್ರು ಸಿಟ್ಟಾಗಿ ಮುನ್ನುಡಿ ವಾಪಸು ತೆಗೆದುಕೊಂಡರೆ ಬಳಗ ಪುಸ್ತಕ ತರುವುದಿಲ್ಲ. ಒಂಬತ್ತು ವರ್ಷದ ಕೆಲಸ ಮತ್ತೆ ಬೀರು ಸೇರುತ್ತದೆ.

'ಬುಡು, ಯಾರಿಗ್ ಗೊತ್ತಾಯ್ತದೆ?' ಎಂದ ಮೋಹನ್‌ಕುಮಾರ್. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ. 'ಮೇಷ್ಟ್ರಿಗೇ ಗೊತ್ತಾಗ್ನಿಲ್ಲ.'

'ಅತ್ತೆಗ್ ಗೊತ್ತಾಯ್ತಲ್ಲ,' ಎಂದಳು ಪುಷ್ಪಾವತಿ.

ಎರಡು ದಿನ ಒದ್ದಾಡಿದಳು. ಬುಧವಾರ ಲೈಬ್ರರಿಗೆ ರಜೆ ಚೀಟಿ ಅಂಟಿಸಿ, ಪ್ರೂಫನ್ನೂ ನೀಲಿ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದಳು. ಮೇಷ್ಟ್ರ ಮನೆಯ ಗೇಟಿನ ಮುಂದೆ ಒಂದು ಸಲ ವಾಪಸು ತಿರುಗಿದಳು ಕೂಡ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಅನಸೂಯಮ್ಮ ಕಿಟಕಿಯಿಂದ ನೋಡಿ, 'ಬಾರಮ್ಮ ಒಳಗೆ, ಬಿಸಿಲಲ್ಲಿ ಯಾಕ್ ನಿಂತೆ?' ಎಂದು ಕರೆದರು. ಇಲ್ಲದಿದ್ದರೆ ಈ ಕಥೆ ಹಾಸನದ ಬಸ್‌ಸ್ಟ್ಯಾಂಡಿನಲ್ಲೇ ಮುಗಿಯುತ್ತಿತ್ತು.

'ಏನಮ್ಮ ಪುಷ್ಪಾ, ಪ್ರೂಫ್ ಮುಗೀತಾ?' ಎಂದು ಮೇಷ್ಟ್ರು ಪ್ರೀತಿಯಿಂದಲೇ ಕೇಳಿದರು.

'ಸಾ, ಒಂಬತ್ತನೇ ಅಧ್ಯಾಯದಲ್ಲಿ ನಂದೊಂದು ತಪ್ಪಾಗದೆ,' ಎಂದು ಶುರುಮಾಡಿ ಅವಳು ಅತ್ತೆ ಹೇಳಿದ್ದನ್ನೆಲ್ಲ ಹೇಳಿದಳು. ಪಟೇಲ ಎನ್ನುವ ಹೆಸರೊಂದನ್ನು ಮಾತ್ರ ನುಂಗಿಕೊಂಡಳು.

ಮೇಷ್ಟ್ರ ಮುಖ ಕೆಂಪಾಯಿತು. 'ಮೂವತ್ನಾಲ್ಕು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ. ಪೊಲೀಸ್‌ಮನ್ ಅಂದ್ರೆ ಏನು ಅಂತ ಲಕ್ಕಮ್ಮ ನಂಗೆ ಹೇಳ್ಕೊಡ್ಬೇಕಾ?' ಎಂದವರೇ ಎದ್ದು, ಎರಡು ಕೈಯಲ್ಲಿ ಎತ್ತಬೇಕಾದಂಥ ಡಿಕ್ಷನರಿಯನ್ನು ಮೇಜಿನ ಮೇಲೆ ಕುಕ್ಕಿ ಪುಟ ತಿರುವಿದರು. ಪೊಲೀಸ್‌ಮನ್ ಎಂದರೆ ಪೊಲೀಸನೇ. ಸಿವುಡಿನ ಸುದ್ದಿ ಎಲ್ಲೂ ಇಲ್ಲ. 'ನೋಡು,' ಎಂದರು. 'ನೀನೇ ನೋಡು.'

ಪುಷ್ಪಾವತಿ ನೋಡಿದಳು. ಆದರೂ ನೀಲಿ ಪುಸ್ತಕ ತೆಗೆದು, ಪೆನ್ಸಿಲಿನ ಗುರುತಿದ್ದ ಪುಟ ಬಿಡಿಸಿ, ಅವರ ಡಿಕ್ಷನರಿಯ ಮೇಲೆಯೇ ಇಟ್ಟಳು. 'ಸಾ, ಇಲ್ಲಿ ಇಟ್ ಅಂತ ಅದೆ. ನಾನು ಅಚ್ಚಿನ ತಪ್ಪು ಅಂದ್ಕೊಂಡಿದ್ದೆ. ಮುಂದ್ಲ ಪುಟದಲ್ಲೂ ಹಂಗೇ ಅದೆ. ಮನುಷ್ಯನ್ನ ಇಟ್ ಅಂತಾರಾ, ಸಾ?'

ಮೇಷ್ಟ್ರು ಆ ಸಾಲನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಒಂದು ಸರ್ವನಾಮದ ಮುಂದೆ ಮೂವತ್ನಾಲ್ಕು ವರ್ಷದ ಸರ್ವೀಸು ತಲೆಬಾಗಿಸಿ ನಿಂತಿತು.

ಕಾಫಿ ತಂದಿದ್ದ ಅನಸೂಯಮ್ಮ ತಟ್ಟೆ ಹಿಡಿದುಕೊಂಡೇ, 'ಚನ್ನರಾಯಪಟ್ಟಣದ ಕಡೆ ನಮ್ಮ ತೌರಲ್ಲೂ ಕೊನೇ ಸಿವುಡು ಬಿಡೋರು ಕಣ್ರೀ. ನೀವ್ ಹೊಲಕ್ಕೆ ಇಳಿದಿದ್ರೆ ತಾನೇ ಗೊತ್ತಾಗಕ್ಕೆ?' ಎಂದರು.

ಮೇಷ್ಟ್ರು ಪುಸ್ತಕದಿಂದ ತಲೆಯೆತ್ತಿದರು. ಪುಷ್ಪಾವತಿಯನ್ನು ಕೇಳಿದರು: 'ನಮ್ಮೂರಲ್ಲಿ ಅದಕ್ಕೆ ಏನಂತಿದ್ರಂತೆ?'

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. 'ಪಟೇಲ ಅಂತ, ಸಾ,' ಎಂದಳು, ನೆಲ ನೋಡುತ್ತ. 'ಅದ್ನ ಎತ್ತಿದ ಮೇಲೆ, ಪಟೇಲ ಎದ್ದ ಅಂತ ಕೂಗೋರಂತೆ.'

ಮೇಷ್ಟ್ರು ನೀಲಿ ಪುಸ್ತಕವನ್ನು ಮುಚ್ಚಿ ಅವಳ ಕಡೆ ಸರಿಸಿದರು. 'ಪ್ರೂಫ್ ಇಲ್ಲಿಟ್ಟು ಹೋಗು,' ಎಂದರು. ಅಷ್ಟೇ. ಕಾಫಿ ಕುಡಿ ಎಂದೂ ಹೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಪುಷ್ಪಾವತಿ ಅಳಲಿಲ್ಲ, ಅಳುವಷ್ಟು ತ್ರಾಣವಿರಲಿಲ್ಲ. ಮುಗಿಯಿತು ಎಂದುಕೊಂಡಳು. ಗುರುವಾರ ಫೋನು ಬರಲಿಲ್ಲ. ಶುಕ್ರವಾರ ಬಂತು, ಆದರೆ ಹೊಳೆನರಸೀಪುರದಿಂದ. 'ಮೇಡಂ, ಸಂಕ್ರಾಂತಿ ಕಳೀತಿದ್ದಂಗೆ ಲಗ್ನಪತ್ರಿಕೆ ಸೀಸನ್ನು. ಮುಂದಿನ ಬುಧವಾರದೊಳಗೆ ಬರ್ಲಿಲ್ಲ ಅಂದ್ರೆ ಆಮೇಲೆ ಮದುವೆಗಳೆಲ್ಲ ಮುಗೀಬೇಕು ನೋಡಿ,' ಎಂದರು ಶಿವಯ್ಯ. ನೋಡೋಣ ಎಂದಳು. ಲೈಬ್ರರಿಗೆ ಹೋಗಿ ಕೊನೇ ಬೀರು ತೆರೆದು, ನೀಲಿ ಪುಸ್ತಕ ಇದ್ದ ಜಾಗದ ಧೂಳು ಒರೆಸಿದಳು.

ಶನಿವಾರ ಬೆಳಿಗ್ಗೆ ಮೇಷ್ಟ್ರ ಬಿಳಿ ಕಾರು ಊರಿಗೆ ಬಂತು. ತೋಟಕ್ಕೆ ಹೋಗಲಿಲ್ಲ, ಲೈಬ್ರರಿಗೂ ಹೋಗಲಿಲ್ಲ. ನೇರವಾಗಿ ಪುಷ್ಪಾವತಿಯ ಮನೆಯ ಮುಂದೆ ನಿಂತಿತು. ಮೇಷ್ಟ್ರು ಪ್ರೂಫಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಇಳಿದು, ಲಕ್ಕಮ್ಮ ಕೂತಿದ್ದ ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಹೋಗಿ ಕೂತರು. ಅವರ ಮನೆತನದವರು ಯಾರೂ ಆ ಜಗಲಿಯ ಮೇಲೆ ಕೂತದ್ದನ್ನು ಆ ಕೇರಿ ನೋಡಿರಲಿಲ್ಲ. ಲಕ್ಕಮ್ಮ ಗಡಬಡಿಸಿ ಏಳಲು ಹೋದಳು.

'ಕೂತ್ಕೊಳಿ ಬುದ್ಧಿ, ಚಾಪೆ ತತ್ತೀನಿ.'

'ಬುದ್ಧಿ ಗಿದ್ಧಿ ಅನ್ಬೇಡ ಲಕ್ಕಮ್ಮ. ಇದ್ದಿದ್ರೆ ಇಲ್ಲೀತನಕ ಯಾಕೆ ಬರ್ತಿದ್ದೆ?' ಎಂದರು ಮೇಷ್ಟ್ರು. 'ಆ ಕೂಗು ಒಂದ್ಸಲ ಹೇಳು. ನೀವು ಕೂಗ್ತಿದ್ರಲ್ಲ.'

ಲಕ್ಕಮ್ಮ ಸೊಸೆಯ ಮುಖ ನೋಡಿದಳು. ಹೇಳಲೋ ಬೇಡವೋ ಎಂಬಂತೆ, ಸಣ್ಣ ದನಿಯಲ್ಲಿ ಹೇಳಿದಳು: 'ಪಟೇಲ ಎದ್ದ, ನುಗ್ರವ್ವೋ.'

'ಅದೇ,' ಎಂದರು ಮೇಷ್ಟ್ರು. 'ಅದೇ. ನಂಗಾಗ ಐದೋ ಆರೋ ವರ್ಷ. ಅಪ್ಪನ ಜೊತೆ ಬದುವಿನ ಮೇಲೆ ನಿಂತಿರ್ತಿದ್ದೆ. ಸಂಜೆ ಅಪ್ಪ ಕುರ್ಚಿಯಿಂದ ಎದ್ದು ಕೈ ತೋರಿಸೋರು. ಆಳುಗಳು ಸಿವುಡು ಎತ್ತೋರು. ನೀವೆಲ್ಲ ಪಟೇಲ ಎದ್ದ ಅಂತ ಕೂಗ್ತಿದ್ರಿ. ನಮ್ಮಪ್ಪ ಕುರ್ಚಿಯಿಂದ ಎದ್ದರಲ್ಲ, ಅದಕ್ಕೆ ಜನ ಜೈಕಾರ ಹಾಕ್ತಾರೆ ಅಂತ ನಾನು ತಿಳ್ಕೊಂಡಿದ್ದೆ. ಎಪ್ಪತ್ತು ವರ್ಷ ಹಾಗೇ ತಿಳ್ಕೊಂಡಿದ್ದೆ ಲಕ್ಕಮ್ಮ. ನಮ್ಮಪ್ಪನ ಮೇಲೆ ಊರಿಗೆ ಎಷ್ಟು ಗೌರವ ಇತ್ತು ಅಂತ ನನ್ನ ಮಕ್ಕಳಿಗೂ ಇದನ್ನೇ ಹೇಳ್ಕೊಂಡ್ ಬಂದಿದೀನಿ.'

ಪುಷ್ಪಾವತಿಗೆ ಆ ದೊಡ್ಡ ಮನುಷ್ಯನ ಮೇಲೆ ಮೊದಲ ಬಾರಿಗೆ ಹೆದರಿಕೆ ಹೋಗಿ ಅಯ್ಯೋ ಅನ್ನಿಸಿತು. ಮೊದಲು ನಕ್ಕವಳು ಲಕ್ಕಮ್ಮ. ನಗಬಾರದು ಎಂದು ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ನೋಡುತ್ತ ನೋಡುತ್ತ ಮೇಷ್ಟ್ರೂ ನಗತೊಡಗಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅದು ನಗುವಿಗೆ ಬಂದ ನೀರೋ ಇನ್ನೊಂದೋ ಪುಷ್ಪಾವತಿ ಕೇಳಲು ಹೋಗಲಿಲ್ಲ.

'ಪಟೇಲ್ರು ಕೆಟ್ಟೋರಲ್ಲ ಬುಡಿ ಮೇಷ್ಟ್ರೇ,' ಎಂದಳು ಲಕ್ಕಮ್ಮ, ಉಸಿರು ತಿರುಗಿದ ಮೇಲೆ. 'ಎದ್ದೇಳಕ್ ಒಸಿ ವತ್ತು ಮಾಡೋರು, ಅಷ್ಟೇಯ.'

ಮೇಷ್ಟ್ರು ಹಳೇ ಮುನ್ನುಡಿಯ ಹಾಳೆಗಳನ್ನು ಕಟ್ಟಿನಿಂದ ಎಳೆದು, ನಾಲ್ಕಾಗಿ ಹರಿದು, ಸುಲಿದ ಅವರೆ ಸಿಪ್ಪೆಯ ಮೇಲೆ ಹಾಕಿದರು. 'ಬುಧವಾರಕ್ಕೆ ಇನ್ನು ನಾಲ್ಕು ದಿನ ಇದೆ,' ಎಂದರು. 'ಕೂರೋಣ.'

ಮೂರು ದಿನ ಕೂತರು. ಕಾರ್ನ್ ಎಂಬ ಒಂದೇ ಪದ ಇಡೀ ಪುಸ್ತಕದಲ್ಲಿ ನೂರ ನಲವತ್ತಮೂರು ಕಡೆ ಇತ್ತು. ಎಲ್ಲ ಕಡೆಗೂ ಪೈರು ಎಂದರೆ ಮುಗಿಯಿತು ಎಂದುಕೊಂಡಿದ್ದ ಪುಷ್ಪಾವತಿಯನ್ನು ಲಕ್ಕಮ್ಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಈಗ ಅದು ನಿಂತದೋ ಕುಯ್ದಾಯ್ತೋ, ಮೊದಲು ಅದನ್ನು ಹೇಳು ಎನ್ನುವಳು. ನಿಂತಿದ್ದರೆ ಪೈರು. ಕೊಯ್ದು ಸಾಲಾಗಿ ಮಲಗಿಸಿದ್ದರೆ ಅರಿ. ಕಟ್ಟಿದರೆ ಸಿವುಡು, ಒಟ್ಟಿದರೆ ಮೆದೆ, ಬಡಿದು ತೂರಿದ ಮೇಲೆ ರಾಶಿ. ಇಂಗ್ಲಿಷಿನವರಿಗೆ ಒಂದೇ ಪದ ಸಾಕಾಗಿತ್ತು, ಲಕ್ಕಮ್ಮನಿಗೆ ಐದು ಬೇಕಿತ್ತು. ಮೇಷ್ಟ್ರು ಇಂಗ್ಲಿಷ್ ಓದಿ ಅರ್ಥ ಹೇಳುವುದು, ಲಕ್ಕಮ್ಮ ಮಾತು ಕೊಡುವುದು, ಪುಷ್ಪಾವತಿ ಕೆಂಪು ಶಾಯಿಯಲ್ಲಿ ಬರೆಯುವುದು. ಉಳಿಕೆ ಧಾನ್ಯ ಸಂಗ್ರಹಣೆ ಎಂಬುದನ್ನು ಹೊಡೆದುಹಾಕಿ ಹಕ್ಕಲು ಎಂದು ಬರೆದಾಗ ಅವಳಿಗೆ ಹಲ್ಲಿನ ಸಂದಿಯ ನಾರು ಬಿಟ್ಟಷ್ಟು ಹಾಯೆನಿಸಿತು. ಬಿಸಿಲಿಗೆ ತಲೆಸುತ್ತಿ ಬಿದ್ದವನನ್ನು ತಾನೇ ಕೈಯಾರೆ ಅಳಿಸಿದಳು.

ಉಳಿದದ್ದು ಪೊಲೀಸ ಎಂಬ ಪದ. 'ಕಾವಲು ಸಿವುಡು ಅಂತ ಮಾಡೋಣ, ಸಾ,' ಎಂದಳು ಪುಷ್ಪಾವತಿ. ಮೇಷ್ಟ್ರ ತಂದೆಯ ಹೆಸರು ಬಾರದಿರಲಿ ಎಂಬುದು ಅವಳ ಲೆಕ್ಕಾಚಾರ.

'ಬೇಡ. ನಮ್ಮೂರವರು ಇಟ್ಟ ಹೆಸರೇ ಇರಲಿ,' ಎಂದರು ಮೇಷ್ಟ್ರು. 'ಪಟೇಲ ಅಂತಲೇ ಬರಿ.'

ಬುಧವಾರ ಮೋಹನ್‌ಕುಮಾರ್ ಡೇರಿಗೆ ರಜೆ ಹಾಕಿ, ಪ್ರೂಫಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ತಾನೇ ಹೊಳೆನರಸೀಪುರಕ್ಕೆ ಹೋಗಿ ಶಿವಯ್ಯನವರ ಕೈಗೆ ಕೊಟ್ಟು ಬಂದ. ಬೂವನಹಳ್ಳಿಯ ಮಾತನ್ನು ಅವತ್ತಿನಿಂದ ಎತ್ತಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಹಾಸನದ ಪುಟ್ಟ ಸಭಾಂಗಣದಲ್ಲಿ 'ಪೆಲ್ಲಮ್ಮನ ಹೊಲ' ಬಿಡುಗಡೆಯಾಯಿತು. ಊರಿನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು, ಮೂವತ್ತೊಂದು ಮೂವತ್ಮೂರರ ಲೆಕ್ಕ ನೆನಪಿದ್ದವರೂ ಸೇರಿ. ಒಳಪುಟದಲ್ಲಿ 'ಕನ್ನಡಕ್ಕೆ: ಪುಷ್ಪಾವತಿ' ಎಂದಿತ್ತು, ಅದರ ಕೆಳಗೆ 'ಮಾತು ಕೊಟ್ಟವರು: ಲಕ್ಕಮ್ಮ' ಎಂದು. ಇದನ್ನು ಓದಿ ಹೇಳಿದಾಗ ಲಕ್ಕಮ್ಮ ಗಾಬರಿಯಾಗಿ, 'ನಾ ಯಾರ್ಗವ್ವಾ ಏನ್ ಮಾತ್ ಕೊಟ್ಟಿದ್ದೆ?' ಎಂದು ಕೇಳಿದ್ದಳು. ವೇದಿಕೆಯ ತುದಿಯ ಕುರ್ಚಿಯಲ್ಲಿ ಪುಷ್ಪಾವತಿ ಹೊಸ ಸೀರೆಯೊಳಗೆ ಬೆವರುತ್ತ ಕೂತಿದ್ದಳು.

ಮೇಷ್ಟ್ರು ಎದ್ದು ಹೊಸ ಮುನ್ನುಡಿಯ ಮೊದಲ ಸಾಲು ಓದಿದರು: 'ಈ ಪುಸ್ತಕದ ಪರೀಕ್ಷೆಗೆ ಮೂವರು ಕೂತಿದ್ದೆವು, ಇಂಗ್ಲಿಷಿನಲ್ಲಿ ಫೇಲಾದವನು ನಾನೊಬ್ಬನೇ.' ಸಭೆ ಇನ್ನೂ ಚಪ್ಪಾಳೆ ತಟ್ಟುತ್ತಿರುವಾಗಲೇ ಒಂಬತ್ತನೇ ಅಧ್ಯಾಯ ತೆರೆದರು. ಸಿವುಡೆಲ್ಲ ಗಾಡಿಗೆ ಹೇರಿದ್ದು, ಕೊನೆಯದೊಂದು ಹೊಲದ ನಡುವೆ ನಿಂತದ್ದು, ಹಕ್ಕಲಿಗೆ ಬಂದ ಪೆಲ್ಲಮ್ಮ ಹೊಟ್ಟೆ ಹಸಿದುಕೊಂಡು ಅದನ್ನೇ ನೋಡುತ್ತ ಕೂತದ್ದು, ಎಲ್ಲವನ್ನೂ ನಿಧಾನವಾಗಿ ಓದಿದರು. 'ಸಂಜೆ ಇಬ್ಬರು ಆಳುಗಳು ಬಂದು ಅದನ್ನು ಎತ್ತಿ ಗಾಡಿಗೆ ಹಾಕಿದರು. ಪಟೇಲ ಎದ್ದ.' ಅಷ್ಟು ಓದಿ ನಿಲ್ಲಿಸಿ, ತಲೆಯೆತ್ತಿ, ಹಿಂದಿನ ಸಾಲಿನ ಕಡೆ ನೋಡಿದರು.

ಲಕ್ಕಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು. 'ನುಗ್ರವ್ವೋ!' ಎಂದು ಆ ಸಭಾಂಗಣದ ತುದಿಯವರೆಗೂ ಕೇಳುವಂತೆ ಕೂಗಿದಳು. ಟೆಂಪೋದಲ್ಲಿ ಬಂದ ಹೆಂಗಸರೆಲ್ಲ ಅವಳ ಹಿಂದೆಯೇ ಕೂಗಿದರು. ತಾನು ವೇದಿಕೆಯ ಮೇಲಿದ್ದೇನೆ ಎಂಬುದನ್ನು ಮರೆತು ಪುಷ್ಪಾವತಿಯೂ ಎದ್ದು ನಿಂತು ಅವರ ಜೊತೆಗೆ ಕೂಗಿದಳು.